ವರದಕ್ಷಿಣೆಯ ಬೇಡಿಕೆಯೇ ಅಪರಾಧ: ಮಾತುಕತೆಗೆ ಕೂರುವ ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಕಾನೂನು

ಮದುವೆಯ ಮಾತುಕತೆಗೆ ಊರಿನ ಹಿರಿಯರನ್ನು ಕರೆಯುವುದು ಗ್ರಾಮಗಳಲ್ಲಿ ನಡೆದುಬಂದ ರೂಢಿ. ಗ್ರಾಮ ಪಂಚಾಯತಿ ಸದಸ್ಯರು ಅನೇಕ ವೇಳೆ ಆ ಹಿರಿಯರ ಸಾಲಿನಲ್ಲಿಯೇ ಕುಳಿತಿರುತ್ತಾರೆ. ಉದಾಹರಣೆಗೆ, ಗಂಡಿನ ಕಡೆಯವರು ಐದು ಲಕ್ಷ ರೂಪಾಯಿ ನಗದು, ಹತ್ತು ತೊಲೆ ಬಂಗಾರ ಮತ್ತು ಒಂದು ಬೈಕ್ ಕೇಳುತ್ತಾರೆ ಎಂದುಕೊಳ್ಳೋಣ. ಹೆಣ್ಣಿನ ತಂದೆ ಮಾತಿಲ್ಲದೆ ಕೂರುತ್ತಾರೆ. ನಡುವೆ ಕುಳಿತವರು ಎರಡೂ ಕಡೆಗೆ ಸಮಾಧಾನ ಹೇಳಿ ಐದು ಲಕ್ಷವನ್ನು ಮೂರು ಲಕ್ಷಕ್ಕೆ ಇಳಿಸುತ್ತಾರೆ. ಹೆಣ್ಣಿನ ಕಡೆಯವರಿಗೆ ಎರಡು ಲಕ್ಷ ಉಳಿಸಿಕೊಟ್ಟೆವೆಂಬ ತೃಪ್ತಿಯಿಂದ ಎಲ್ಲರೂ ಎಲೆ ಅಡಿಕೆ ಪಡೆದು ಏಳುತ್ತಾರೆ.

ಕಾನೂನು ಈ ಸಂದರ್ಭವನ್ನು ಬೇರೆ ರೀತಿಯಲ್ಲಿ ನೋಡುತ್ತದೆ. ಐದು ಲಕ್ಷ ಕೇಳಿದ ಕ್ಷಣದಲ್ಲಿಯೇ ಒಂದು ಅಪರಾಧ ಪೂರ್ಣಗೊಂಡಿರುತ್ತದೆ. ಮೂರು ಲಕ್ಷ ಕೈ ಬದಲಾದ ದಿನ ಅದಕ್ಕಿಂತ ದೊಡ್ಡದಾದ ಮತ್ತೊಂದು ಅಪರಾಧ ನಡೆಯುತ್ತದೆ. ಮೊತ್ತವನ್ನು ಕುದುರಿಸಿಕೊಟ್ಟವರು, ಅವರ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಆ ಎರಡನೆಯ ಅಪರಾಧಕ್ಕೆ ನೆರವು ನೀಡಿದವರೆಂಬ ಆರೋಪಕ್ಕೆ ಗುರಿಯಾಗಬಹುದು. ಜನಪ್ರತಿನಿಧಿಗಳು ಈ ವಿಷಯವನ್ನು ಸ್ಪಷ್ಟವಾಗಿ ಅರಿತಿರುವುದು ಅಗತ್ಯ.

ವರದಕ್ಷಿಣೆ ಎಂದರೆ ಯಾವುದು

ವರದಕ್ಷಿಣೆ ನಿಷೇಧ ಅಧಿನಿಯಮ, 1961 ಸಂಸತ್ತಿನ ಉಭಯ ಸದನಗಳ ಜಂಟಿ ಅಧಿವೇಶನದಲ್ಲಿ ಅಂಗೀಕಾರವಾಗಿ 1961ರ ಜುಲೈ 1ರಿಂದ ಜಾರಿಗೆ ಬಂದಿತು. ಆರಂಭದಲ್ಲಿ ಅದು ದುರ್ಬಲವಾಗಿತ್ತು. ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಕಾರಾವಾಸವಾಗಿತ್ತು. ಒಂದು ವರ್ಷದೊಳಗೆ ದೂರು ಸಲ್ಲಿಸದಿದ್ದರೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿರಲಿಲ್ಲ. 1984 ಮತ್ತು 1986ರ ತಿದ್ದುಪಡಿಗಳು ಅದನ್ನು ಇಂದಿನ ರೂಪಕ್ಕೆ ತಂದವು. ಈಗ ದೂರಿಗೆ ಕಾಲಮಿತಿ ಇಲ್ಲ.

ಅಧಿನಿಯಮದ 2ನೆಯ ಕಲಂ ಪ್ರಕಾರ, ಮದುವೆಗೆ ಸಂಬಂಧಿಸಿದಂತೆ ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ನೇರವಾಗಿ ಅಥವಾ ಪರೋಕ್ಷವಾಗಿ ಕೊಟ್ಟ ಅಥವಾ ಕೊಡಲು ಒಪ್ಪಿದ ಯಾವುದೇ ಸ್ವತ್ತು ಅಥವಾ ಬೆಲೆಯುಳ್ಳ ಪತ್ರ ವರದಕ್ಷಿಣೆಯಾಗುತ್ತದೆ. ಅದನ್ನು ಮದುವೆಗೆ ಮೊದಲು ಕೊಟ್ಟಿರಬಹುದು, ಮದುವೆಯ ಹೊತ್ತಿನಲ್ಲಿ ಕೊಟ್ಟಿರಬಹುದು, ಮದುವೆಯಾದ ನಂತರ ಯಾವಾಗಲಾದರೂ ಕೊಟ್ಟಿರಬಹುದು. ಕೊಡುವವರು ತಂದೆತಾಯಿಯೇ ಆಗಬೇಕೆಂದಿಲ್ಲ. ಸೋದರಮಾವ, ಅಣ್ಣ ಅಥವಾ ಬೇರೆ ಯಾರೇ ಆಗಿರಬಹುದು. ಈ ಕಾನೂನು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮುಸ್ಲಿಂ ವೈಯಕ್ತಿಕ ಕಾನೂನಿಗೆ ಒಳಪಟ್ಟವರ ಮಹರ್ ಮಾತ್ರ ಈ ವ್ಯಾಖ್ಯೆಯಿಂದ ಹೊರಗಿದೆ.

ಹೆಸರು ಬದಲಿಸಿದರೆ ಸ್ವರೂಪ ಬದಲಾಗುವುದಿಲ್ಲ. ವರೋಪಚಾರ, ಹುಡುಗನ ಓದಿನ ಖರ್ಚು, ಅಂಗಡಿ ಹಾಕಲು ಬಂಡವಾಳ, ಕೆಲಸಕ್ಕೆ ಸೇರಲು ಹಣ ಎಂದು ಯಾವ ಹೆಸರಿನಿಂದ ಕೇಳಿದರೂ, ಅದು ಮದುವೆಗೆ ಸಂಬಂಧಿಸಿದ ಬೇಡಿಕೆಯಾಗಿದ್ದರೆ ವರದಕ್ಷಿಣೆಯೇ. ಮನೆ ಕಟ್ಟಲು ಸೊಸೆಯ ತವರಿನಿಂದ ಹಣ ಕೇಳಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಅದನ್ನೂ ವರದಕ್ಷಿಣೆಯೆಂದೇ ಪರಿಗಣಿಸಿ, ಈ ಪದಕ್ಕೆ ವಿಶಾಲವಾದ ಅರ್ಥ ನೀಡಬೇಕೆಂದು ಹೇಳಿತು.

ಹಾಗೆಂದು ತವರಿನಿಂದ ಬರುವುದೆಲ್ಲವೂ ವರದಕ್ಷಿಣೆಯಲ್ಲ. ಮಗು ಹುಟ್ಟಿದಾಗ ಮತ್ತು ಅಂತಹ ಇತರ ಸಂದರ್ಭಗಳಲ್ಲಿ ಸಂಪ್ರದಾಯದಂತೆ ಕೊಡುವುದು ವರದಕ್ಷಿಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯಲ್ಲಿ ಯಾರೂ ಕೇಳದೆ ನೀಡುವ ಉಡುಗೊರೆಗೂ ಕಾನೂನು ಅವಕಾಶ ನೀಡುತ್ತದೆ. ಆದರೆ ಅವುಗಳ ಪಟ್ಟಿ ಇರಬೇಕು. ವಧುವಿನ ಕಡೆಯಿಂದ ವರನಿಗೆ ಕೊಡುವ ಉಡುಗೊರೆ ರೂಢಿಯಲ್ಲಿರುವಂಥದ್ದಾಗಿದ್ದು, ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿದ್ದಾಗಿರಬಾರದು.

ಕೇಳಿದರೆ ಸಾಕು, ಪಡೆಯಬೇಕಾಗಿಲ್ಲ

ಗ್ರಾಮಗಳಲ್ಲಿ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆಯೆಂದರೆ, ಹಣ ಪಡೆದರೆ ಮಾತ್ರ ಅಪರಾಧ ಎಂಬುದು. ಅಧಿನಿಯಮದ 4ನೆಯ ಕಲಂ ಇದಕ್ಕೆ ಅವಕಾಶವನ್ನೇ ಉಳಿಸಿಲ್ಲ. ವಧು ಅಥವಾ ವರನ ತಂದೆತಾಯಿಯಿಂದಾಗಲಿ, ಸಂಬಂಧಿಕರಿಂದಾಗಲಿ, ಪೋಷಕರಿಂದಾಗಲಿ ನೇರವಾಗಿ ಅಥವಾ ಪರೋಕ್ಷವಾಗಿ ವರದಕ್ಷಿಣೆ ಕೇಳಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಗಳವರೆಗಿನ ಕಾರಾವಾಸ ಮತ್ತು ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಕಾರಣವಿದ್ದರೆ ಮಾತ್ರ, ಅದನ್ನು ತೀರ್ಪಿನಲ್ಲಿ ದಾಖಲಿಸಿ, ನ್ಯಾಯಾಲಯವು ಕನಿಷ್ಠ ಅವಧಿಯನ್ನು ಕಡಿಮೆ ಮಾಡಬಹುದು.

ಮದುವೆ ಇನ್ನೂ ನಡೆದಿಲ್ಲ, ಆದ್ದರಿಂದ ಇದು ವರದಕ್ಷಿಣೆಯಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಎಸ್. ಗೋಪಾಲ ರೆಡ್ಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿ, ಮದುವೆಗೆ ಮೊದಲು ಮಾಡಿದ ಬೇಡಿಕೆಯೂ 4ನೆಯ ಕಲಂ ವ್ಯಾಪ್ತಿಗೆ ಬರುತ್ತದೆ, ಅದಕ್ಕೆ ಇನ್ನೊಂದು ಪಕ್ಷ ಒಪ್ಪಿರಬೇಕಾದ ಅಗತ್ಯವೂ ಇಲ್ಲ ಎಂದು ಹೇಳಿತು. ಅಂದರೆ ಹೆಣ್ಣಿನ ತಂದೆ ಆಗುವುದಿಲ್ಲವೆಂದು ಎದ್ದು ಹೋಗಿ ಸಂಬಂಧ ಮುರಿದುಬಿದ್ದರೂ ಕೇಳಿದ ಅಪರಾಧ ಉಳಿಯುತ್ತದೆ. ಆದರೆ ಬೇಡಿಕೆ ನಡೆದದ್ದಕ್ಕೆ ನಂಬಲರ್ಹ ಸಾಕ್ಷ್ಯ ಬೇಕು. ಅದೇ ಪ್ರಕರಣದಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗೆ ಸಂಶಯದ ಲಾಭ ದೊರೆಯಿತು. ಆದ್ದರಿಂದಲೇ ದಾಖಲೆ ಉಳಿಸಿಕೊಳ್ಳುವುದು ಮುಖ್ಯ.

ಕೊಟ್ಟವರು, ಪಡೆದವರು, ನಡುವೆ ನಿಂತವರು

ವರದಕ್ಷಿಣೆ ಕೊಡುವುದು, ಪಡೆಯುವುದು ಹಾಗೂ ಕೊಡಲು ಅಥವಾ ಪಡೆಯಲು ನೆರವಾಗುವುದು, ಈ ಮೂರನ್ನೂ 3ನೆಯ ಕಲಂ ಒಂದೇ ಸಾಲಿನಲ್ಲಿ ಇರಿಸಿದೆ. ಶಿಕ್ಷೆ ಐದು ವರ್ಷಗಳಿಗೆ ಕಡಿಮೆಯಿಲ್ಲದ ಕಾರಾವಾಸ. ದಂಡ ಹದಿನೈದು ಸಾವಿರ ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಿಲ್ಲದಂತೆ. ವಿಶೇಷ ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಕಾರಾವಾಸದ ಅವಧಿಯನ್ನು ಕಡಿಮೆ ಮಾಡಬಹುದು. ಮೇಲೆ ಹೇಳಿದ ಉದಾಹರಣೆಯಲ್ಲಿ ಮೊತ್ತವನ್ನು ಮೂರು ಲಕ್ಷಕ್ಕೆ ನಿಗದಿಪಡಿಸಿದವರು, ಹಣವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ತಲುಪಿಸಿದವರು, ಕಂತುಗಳಿಗೆ ಹೊಣೆ ನಿಂತವರು, ಎಲ್ಲರೂ ನೆರವು ಎಂಬ ಪದದ ಅಡಿಯಲ್ಲಿ ಉತ್ತರಿಸಬೇಕಾಗಿ ಬರಬಹುದು.

ಇಂತಹ ಮಾತುಕತೆಯಲ್ಲಿ ಚೀಟಿ ಬರೆದು ಸಹಿ ಹಾಕಿಸುವ ಪದ್ಧತಿ ಕೆಲವೆಡೆ ಇದೆ. 5ನೆಯ ಕಲಂ ಪ್ರಕಾರ ವರದಕ್ಷಿಣೆಯ ಕರಾರು ಅಸಿಂಧು. ಆ ಚೀಟಿಯನ್ನು ಹಿಡಿದು ಯಾರೂ ಹಣ ವಸೂಲಿ ಮಾಡುವಂತಿಲ್ಲ. ಆದರೆ ಅಪರಾಧ ನಡೆದದ್ದಕ್ಕೆ ಅದೇ ಚೀಟಿ ಸಾಕ್ಷ್ಯವಾಗುತ್ತದೆ. ಅದರಲ್ಲಿ ಸಾಕ್ಷಿಯಾಗಿ ಸಹಿ ಮಾಡಿದವರ ಹೆಸರೂ ಅದರೊಡನೆ ನ್ಯಾಯಾಲಯಕ್ಕೆ ಹೋಗುತ್ತದೆ.

ಕೊಡುವುದೂ ಅಪರಾಧವಾದ್ದರಿಂದ ದೂರು ಕೊಟ್ಟರೆ ತಾವೂ ಸಿಕ್ಕಿಬೀಳುತ್ತೇವೆ ಎಂಬ ಭಯ ಹೆಣ್ಣಿನ ಕಡೆಯವರನ್ನು ಮೌನವಾಗಿರಿಸುತ್ತದೆ. ಈ ಭಯಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. 7ನೆಯ ಕಲಂ ಪ್ರಕಾರ, ಅಪರಾಧದಿಂದ ನೊಂದವರು ನೀಡಿದ ಹೇಳಿಕೆಯ ಆಧಾರದ ಮೇಲೆ ಅವರ ವಿರುದ್ಧವೇ ಈ ಅಧಿನಿಯಮದ ಅಡಿಯಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಈ ಒಂದು ಮಾತನ್ನು ನೊಂದ ಕುಟುಂಬಕ್ಕೆ ಸಕಾಲದಲ್ಲಿ ತಿಳಿಸಿದರೆ ಅನೇಕ ದೂರುಗಳು ತಡವಾಗದೆ ದಾಖಲಾಗುತ್ತವೆ.

ರುಜುವಾತಿನ ಹೊಣೆಯ ವಿಷಯದಲ್ಲಿಯೂ ಈ ಕಾನೂನು ಸಾಮಾನ್ಯ ಕ್ರಿಮಿನಲ್ ಕಾನೂನಿಗಿಂತ ಭಿನ್ನವಾಗಿದೆ. ವರದಕ್ಷಿಣೆ ಪಡೆದ, ಪಡೆಯಲು ನೆರವಾದ ಅಥವಾ ಕೇಳಿದ ಆರೋಪ ಹೊತ್ತವರು ತಾವು ಆ ಅಪರಾಧವನ್ನು ಮಾಡಿಲ್ಲವೆಂದು ರುಜುವಾತುಪಡಿಸಬೇಕೆಂದು 8ಎ ಕಲಂ ಹೇಳುತ್ತದೆ.

ಊರ ರಾಜಿಯಿಂದ ಮುಗಿಯದ ಪ್ರಕರಣ

8ನೆಯ ಕಲಂ ಪ್ರಕಾರ ಈ ಅಧಿನಿಯಮದ ಪ್ರತಿಯೊಂದು ಅಪರಾಧವೂ ಜಾಮೀನುರಹಿತವಾದುದು ಮತ್ತು ರಾಜಿಗೆ ಅವಕಾಶವಿಲ್ಲದ್ದು. ಪೊಲೀಸರು ನ್ಯಾಯಾಲಯದ ಆದೇಶಕ್ಕೆ ಕಾಯದೆ ತನಿಖೆ ಆರಂಭಿಸಬಹುದು. ಆದರೆ ಈ ಅಧಿನಿಯಮದ ಅಡಿಯಲ್ಲಿ ಬಂಧಿಸಲು ವಾರಂಟ್ ಅಥವಾ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲವೆಂದಲ್ಲ. ಅದು ಆರೋಪಿಯ ಹಕ್ಕಾಗಿರದೆ ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗಿರುತ್ತದೆ. ರಾಜಿಗೆ ಅವಕಾಶವಿಲ್ಲ ಎಂಬುದರ ಅರ್ಥ ಇನ್ನೂ ಮುಖ್ಯವಾದುದು. ದೇವಸ್ಥಾನದ ಕಟ್ಟೆಯ ಮೇಲೆ ಅಥವಾ ಪಂಚಾಯತಿ ಕಚೇರಿಯಲ್ಲಿ ಹಿರಿಯರು ಕುಳಿತು ತಪ್ಪು ಕಾಣಿಕೆ ಕಟ್ಟಿಸಿ, ಮುಚ್ಚಳಿಕೆ ಬರೆಸಿಕೊಂಡ ಮಾತ್ರಕ್ಕೆ ಅಪರಾಧ ಅಳಿಸಿಹೋಗುವುದಿಲ್ಲ. ದಂಪತಿ ಮತ್ತೆ ಒಂದಾಗಿ ಬಾಳಲು ಬಯಸಿದರೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ದೂರು ಕೊಡುವುದಿಲ್ಲವೆಂದು ಹೆಣ್ಣಿನಿಂದ ಬರೆಸಿಕೊಳ್ಳುವುದು, ದೂರು ಕೊಟ್ಟರೆ ಊರಿನವರು ಮದುವೆ ಮುಂಜಿಗೆ ಬರುವುದಿಲ್ಲವೆಂದು ಹೆದರಿಸುವುದು ಸದಸ್ಯರ ಸ್ಥಾನಕ್ಕೆ ತಕ್ಕುದಲ್ಲ.

ಮದುವೆಯ ನಂತರದ ಕಿರುಕುಳ ಮತ್ತು ಸಾವು

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಯಲ್ಲಿದೆ. ಹಳೆಯ 498ಎ ಕಲಂ ಈಗ 85 ಮತ್ತು 86ನೆಯ ಕಲಂಗಳಾಗಿದೆ. 304ಬಿ ಕಲಂ 80ನೆಯದಾಗಿದೆ. ಕಲಂ ಸಂಖ್ಯೆ ಬದಲಾಗಿದ್ದರೂ ಸಾರ ಬದಲಾಗಿಲ್ಲ.

ಗಂಡ ಅಥವಾ ಅವನ ಸಂಬಂಧಿಕರು ಹೆಂಡತಿಯನ್ನು ಕ್ರೌರ್ಯಕ್ಕೆ ಗುರಿಪಡಿಸಿದರೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದು. ಕ್ರೌರ್ಯ ಎಂದರೆ ಹೊಡೆತ ಮಾತ್ರವಲ್ಲ. ಮಹಿಳೆಯನ್ನು ಆತ್ಮಹತ್ಯೆಗೆ ದೂಡುವಂಥ ಅಥವಾ ಆಕೆಯ ದೇಹಕ್ಕೆ, ಮನಸ್ಸಿಗೆ ತೀವ್ರ ಹಾನಿ ಮಾಡುವಂಥ ನಡವಳಿಕೆಯೂ, ಹಣ ಅಥವಾ ಆಸ್ತಿಯ ಕಾನೂನುಬಾಹಿರ ಬೇಡಿಕೆ ಈಡೇರಿಸುವಂತೆ ಒತ್ತಾಯಿಸಲು ಆಕೆಗೆ ನೀಡುವ ಕಿರುಕುಳವೂ ಕ್ರೌರ್ಯವೇ.

ಮದುವೆಯಾದ ಏಳು ವರ್ಷಗಳೊಳಗೆ ಮಹಿಳೆಯೊಬ್ಬರು ಸುಟ್ಟ ಗಾಯದಿಂದ, ಇತರ ದೈಹಿಕ ಗಾಯದಿಂದ ಅಥವಾ ಅಸಹಜ ರೀತಿಯಲ್ಲಿ ಮೃತಪಟ್ಟು, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಗಂಡನಿಂದ ಅಥವಾ ಅವನ ಸಂಬಂಧಿಕರಿಂದ ಕ್ರೌರ್ಯ ಅನುಭವಿಸಿದ್ದು ತೋರಿಬಂದರೆ, ಅದು ವರದಕ್ಷಿಣೆ ಸಾವು. ಶಿಕ್ಷೆ ಏಳು ವರ್ಷಗಳಿಗೆ ಕಡಿಮೆಯಿಲ್ಲದೆ ಜೀವಾವಧಿಯವರೆಗೆ. ಈ ಅಂಶಗಳು ಸಾಬೀತಾದರೆ ಆರೋಪಿಯೇ ಸಾವಿಗೆ ಕಾರಣನೆಂದು ನ್ಯಾಯಾಲಯ ಭಾವಿಸಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 118ನೆಯ ಕಲಂ ಹೇಳುತ್ತದೆ.

ಇಲ್ಲಿ ಪಂಚಾಯತಿ ಸದಸ್ಯರಿಗೆ ಒಂದು ನೇರ ಹೊಣೆಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೆಯ ಕಲಂ ಪ್ರಕಾರ, ಗ್ರಾಮದಲ್ಲಿ ಅಥವಾ ಅದರ ಸಮೀಪದಲ್ಲಿ ಹಠಾತ್, ಅಸಹಜ ಅಥವಾ ಸಂಶಯಾಸ್ಪದ ಸಾವು ಸಂಭವಿಸಿದ ಮಾಹಿತಿ ತಮಗಿದ್ದರೆ ಗ್ರಾಮದ ಆಡಳಿತಕ್ಕೆ ಸಂಬಂಧಿಸಿದವರು ಅದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು. ಈ ವರ್ಗದಲ್ಲಿ ಗ್ರಾಮದ ಪಂಚಾಯತಿ ಸದಸ್ಯರು ಸೇರಿದ್ದಾರೆ ಎಂದು ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹೊಟ್ಟೆನೋವು ತಾಳಲಾರದೆ ಸತ್ತಳು, ಕಾಲು ಜಾರಿ ಬಾವಿಗೆ ಬಿದ್ದಳು ಎಂಬ ಮಾತನ್ನು ಒಪ್ಪಿ, ಪೊಲೀಸರಿಗೆ ತಿಳಿಸದೆ ಶವಸಂಸ್ಕಾರಕ್ಕೆ ಸಮ್ಮತಿಸಬಾರದು. ದೇಹ ಒಮ್ಮೆ ಬೂದಿಯಾದರೆ ಸತ್ಯವನ್ನು ತಿಳಿಯುವ ಮುಖ್ಯ ದಾರಿಯೊಂದು ಮುಚ್ಚಿಹೋಗುತ್ತದೆ.

ಹೆಣ್ಣಿನ ಸ್ವತ್ತು ಹೆಣ್ಣಿಗೆ

ಈಗಾಗಲೇ ಕೊಟ್ಟ ವರದಕ್ಷಿಣೆ ಯಾರದು ಎಂಬ ಪ್ರಶ್ನೆ ನ್ಯಾಯ ಪಂಚಾಯಿತಿಗಳಲ್ಲಿ ಮೇಲಿಂದ ಮೇಲೆ ಏಳುತ್ತದೆ. 6ನೆಯ ಕಲಂ ಪ್ರಕಾರ ಅದನ್ನು ಯಾರೇ ಪಡೆದಿದ್ದರೂ ಮಹಿಳೆಗೆ ವರ್ಗಾಯಿಸಬೇಕು. ಮದುವೆಗೆ ಮೊದಲು ಪಡೆದಿದ್ದರೆ ಮದುವೆಯಾದ ಮೂರು ತಿಂಗಳೊಳಗೆ, ಮದುವೆಯ ಹೊತ್ತಿನಲ್ಲಿ ಅಥವಾ ನಂತರ ಪಡೆದಿದ್ದರೆ ಪಡೆದ ಮೂರು ತಿಂಗಳೊಳಗೆ ವರ್ಗಾಯಿಸದಿದ್ದರೆ ಅದು ಪ್ರತ್ಯೇಕ ಅಪರಾಧ. ಮಹಿಳೆ ಮದುವೆಯಾದ ಏಳು ವರ್ಷಗಳೊಳಗೆ ಅಸಹಜ ಕಾರಣದಿಂದ ಮೃತಪಟ್ಟರೆ ಆ ಸ್ವತ್ತು ಆಕೆಯ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಆಕೆಯ ತಂದೆತಾಯಿಗೆ ಸೇರುತ್ತದೆ. ಸ್ತ್ರೀಧನ ಸಂಪೂರ್ಣವಾಗಿ ಮಹಿಳೆಯದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿದೆ. ಕೇಳಿದಾಗ ಹಿಂದಿರುಗಿಸದ ಗಂಡ ಅಥವಾ ಅತ್ತೆ ಮಾವಂದಿರ ಮೇಲೆ ನಂಬಿಕೆದ್ರೋಹದ ಪ್ರಕರಣವೂ ದಾಖಲಾಗಬಹುದು.

ಇದಕ್ಕೆ ಸುಲಭವಾದ ಮುನ್ನೆಚ್ಚರಿಕೆಯೆಂದರೆ ಉಡುಗೊರೆಗಳ ಪಟ್ಟಿ. 1985ರ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ, ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ಮದುವೆಯ ಹೊತ್ತಿನಲ್ಲಿ ಅಥವಾ ಆದಷ್ಟು ಬೇಗ ಬರೆದ ಈ ಪಟ್ಟಿಯಲ್ಲಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಹಾಗೂ ಅವರ ಸಂಬಂಧ ಇರಬೇಕು. ವಧು ವರ ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಮುಯ್ಯಿ ಬರೆಯುವ ಪುಸ್ತಕ ಎಲ್ಲ ಮದುವೆ ಮನೆಗಳಲ್ಲಿಯೂ ಇರುತ್ತದೆ. ಅದರ ಜೊತೆಗೆ ಇನ್ನೆರಡು ಹಾಳೆ ಬರೆಯುವುದು ಯಾರಿಗೂ ಹೊರೆಯಲ್ಲ.

ದೂರು ಬಂದಾಗ ಸದಸ್ಯರು ಮಾಡಬೇಕಾದುದು

1. ಮಹಿಳೆಯ ಸುರಕ್ಷತೆ ಮೊದಲು. ಅಪಾಯವಿದ್ದರೆ ತಡಮಾಡದೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು. ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ, ವೈದ್ಯಕೀಯ ಮತ್ತು ಕಾನೂನು ನೆರವು ಒಂದೇ ಕಡೆ ದೊರೆಯುತ್ತವೆ.

2. ಯಾವ ದಿನ, ಎಲ್ಲಿ, ಯಾರು, ಏನು ಕೇಳಿದರು, ಅಲ್ಲಿ ಯಾರಿದ್ದರು ಎಂಬುದನ್ನು ನೊಂದವರ ಮಾತಿನಲ್ಲಿಯೇ ಬರೆದಿಡಲು ನೆರವಾಗಬೇಕು. ಮೊಬೈಲ್ ಸಂದೇಶ, ಧ್ವನಿಮುದ್ರಿಕೆ, ಬ್ಯಾಂಕ್ ವರ್ಗಾವಣೆಯ ದಾಖಲೆ, ಚೀಟಿ ಯಾವುದನ್ನೂ ಅಳಿಸಬಾರದು, ಹರಿಯಬಾರದು.

3. ಪೊಲೀಸ್ ಠಾಣೆಗೆ ಜೊತೆಗೂಡಿ ಹೋಗಬೇಕು. 85ನೆಯ ಕಲಂ ಅಡಿಯಲ್ಲಿ ನೊಂದ ಮಹಿಳೆ ಅಥವಾ ಆಕೆಯ ಸಂಬಂಧಿಕರು ಮಾಹಿತಿ ನೀಡಬೇಕಾಗುವುದರಿಂದ ದೂರಿನಲ್ಲಿ ಅವರ ಸಹಿಯೇ ಇರಬೇಕು. ಗಂಡನ ಮನೆ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ದೂರನ್ನು ತಿರಸ್ಕರಿಸುವಂತಿಲ್ಲ. ತವರಿನಲ್ಲಿ ಆಶ್ರಯ ಪಡೆದ ಮಹಿಳೆ ಅಲ್ಲಿಯೇ ದೂರು ಸಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ನೀಡಿದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬೇಕು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದನ್ನು ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಸಲ್ಲಿಸಬಹುದು.

4. ಮಹಿಳೆಗೆ ಶಿಕ್ಷೆಗಿಂತ ವಾಸಕ್ಕೆ ಮನೆ, ಜೀವನಾಂಶ, ತನ್ನ ಒಡವೆಗಳು ಬೇಕಾಗಿದ್ದರೆ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಅಡಿಯಲ್ಲಿ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರಿಗೆ ಕಾನೂನು ರಕ್ಷಣೆ ನೀಡಿದೆ.

5. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾವ ಮಹಿಳೆಯೂ ಹಿಂಜರಿಯಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಆರೋಪಿಗಳ ವಿಷಯದಲ್ಲಿಯೂ ಸದಸ್ಯರು ನ್ಯಾಯದಿಂದ ನಡೆದುಕೊಳ್ಳಬೇಕು. ದೂರು ದಾಖಲಾದ ಕೂಡಲೇ ಯಾಂತ್ರಿಕವಾಗಿ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ನಿರ್ದೇಶಿಸಿದೆ. ನಿರ್ದಿಷ್ಟ ಕೃತ್ಯವನ್ನು ಹೇಳದೆ ಗಂಡನ ಮನೆಯವರೆಲ್ಲರನ್ನೂ ಸೇರಿಸಿದ ಸಾಮಾನ್ಯ ಆರೋಪಗಳ ಮೇಲೆ ಸಂಬಂಧಿಕರನ್ನು ವಿಚಾರಣೆಗೆ ಗುರಿಪಡಿಸಬಾರದೆಂದು 2022ರಲ್ಲಿ ಹೇಳಿದೆ. ಆದ್ದರಿಂದ ದೂರಿಗೆ ಬಲ ಬರಲೆಂದು ದೂರದ ಊರಿನಲ್ಲಿರುವ ನಾದಿನಿಯ ಹೆಸರನ್ನೂ ಸೇರಿಸಿರೆಂದು ಸಲಹೆ ನೀಡಬಾರದು. ನಡೆದುದನ್ನು ನಡೆದಂತೆ ಹೇಳಿದ ದೂರು ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಮಾತುಕತೆಯ ಜಗಲಿಯಲ್ಲಿ

ಮದುವೆಯ ಮಾತುಕತೆಗೆ ಹೋಗಬಾರದೆಂದು ಕಾನೂನು ಹೇಳುವುದಿಲ್ಲ. ಸಂಬಂಧ ಕೂಡಿಸುವುದು, ದಿನ ಗೊತ್ತುಮಾಡುವುದು, ಎರಡು ಮನೆಗಳ ನಡುವೆ ವಿಶ್ವಾಸ ಬೆಳೆಸುವುದು ಹಿರಿಯರು ಮಾಡಿಕೊಂಡು ಬಂದ ಒಳ್ಳೆಯ ಕೆಲಸವೇ. ಕೊಡು ಕೊಳ್ಳುವ ಮಾತು ಬಂದಾಗ ಮೊತ್ತವನ್ನು ಇಳಿಸಲು ಹೊರಡದೆ, ಈ ಬೇಡಿಕೆಯೇ ಅಪರಾಧವಾದುದರಿಂದ ಇದರ ಚರ್ಚೆಯಲ್ಲಿ ತಾವು ಕೂರಲು ಬರುವುದಿಲ್ಲವೆಂದು ಸದಸ್ಯರು ಎಲ್ಲರ ಎದುರಿನಲ್ಲಿ ಹೇಳಬೇಕು. ಬೇಡಿಕೆ ಮುಂದುವರಿದರೆ ವರದಕ್ಷಿಣೆ ನಿಷೇಧಾಧಿಕಾರಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು. ವರದಕ್ಷಿಣೆ ಕೇಳುವುದನ್ನು ತಡೆಯುವುದು ಮತ್ತು ಸಾಕ್ಷ್ಯ ಸಂಗ್ರಹಿಸುವುದು 8ಬಿ ಕಲಂ ಅಡಿಯಲ್ಲಿ ಆ ಅಧಿಕಾರಿಯ ಕರ್ತವ್ಯ.

ಗ್ರಾಮ ಪಂಚಾಯತಿಯ ಸಾಮಾಜಿಕ ನ್ಯಾಯ ಸಮಿತಿಯು ಈ ವಿಷಯವನ್ನು ತನ್ನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬಹುದು. ಮುಂದಿನ ಗ್ರಾಮ ಸಭೆ ಮತ್ತು ಮಹಿಳಾ ಗ್ರಾಮ ಸಭೆಗಳಲ್ಲಿ 3, 4 ಮತ್ತು 7ನೆಯ ಕಲಂಗಳ ಸಾರವನ್ನು ಓದಿ ತಿಳಿಸುವುದು, ಉಡುಗೊರೆ ಪಟ್ಟಿಯ ಮಾದರಿ ಹಾಳೆಗಳನ್ನು ಪಂಚಾಯತಿ ಕಚೇರಿಯಲ್ಲಿ ಇರಿಸಿ ಮದುವೆ ಗೊತ್ತಾದ ಮನೆಗಳಿಗೆ ತಲುಪಿಸುವುದು, ತಾಲ್ಲೂಕಿನ ಸಂರಕ್ಷಣಾಧಿಕಾರಿ ಮತ್ತು ವರದಕ್ಷಿಣೆ ನಿಷೇಧಾಧಿಕಾರಿಗಳ ದೂರವಾಣಿ ಸಂಖ್ಯೆಗಳನ್ನು ಸೂಚನಾ ಫಲಕದಲ್ಲಿ ಬರೆಸುವುದು, ಇವು ಹೆಚ್ಚಿನ ಖರ್ಚಿಲ್ಲದೆ ಈ ತಿಂಗಳಲ್ಲಿಯೇ ಆಗಬಹುದಾದ ಕೆಲಸಗಳು.